ಅಜ್ಜಿಯ ಹಚ್ಚೆ, ಮೊಮ್ಮಗಳ ಟ್ಯಾಟೂ

ಮುಂಬಯಿ, ಠಾಣೆ, ಪುಣೆಯ ಕನ್ನಡ ಸಂಘಗಳ ಅರಿಶಿನ ಕುಂಕುಮ ಕಾರ್ಯಕ್ರಮಗಳಲ್ಲಿ ಈಗೀಗ ಎರಡು ಬಗೆಯ ಹಚ್ಚೆಗಳು ಒಂದೇ ಚಾಪೆಯ ಮೇಲೆ ಕೂತಿರುತ್ತವೆ. ಒಂದು, ಹಿರಿಯ ಮಹಿಳೆಯರ ಹಣೆ, ಗಲ್ಲ, ಮುಂಗೈ ಮೇಲಿನ ಹಸಿರು ಚುಕ್ಕಿಗಳು. ಇನ್ನೊಂದು, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿಯರ ಮಣಿಕಟ್ಟಿನ ಮೇಲಿನ ಹಕ್ಕಿ, ಹೂವು, ಅಕ್ಷರಗಳು. ಮೊದಲನೆಯದನ್ನು ಕಂಡವರು ಹಳ್ಳಿಯವರು ಎಂದುಕೊಳ್ಳುತ್ತಾರೆ. ಎರಡನೆಯದನ್ನು ಕಂಡವರು ಕಾಲ ಕೆಟ್ಟಿತು ಎನ್ನುತ್ತಾರೆ. ಸೂಜಿ, ಮಸಿ, ನೋವು ಮಾತ್ರ ಎರಡಕ್ಕೂ ಒಂದೇ.

ಹಚ್ಚೆ ನಮ್ಮ ನಾಡಿಗೆ ಹೊಸತಲ್ಲ. ಊರೂರು ತಿರುಗುತ್ತಿದ್ದ ಕೊರವ ಸಮುದಾಯದ ಮಹಿಳೆಯರು ಮನೆ ಬಾಗಿಲಿಗೆ ಬಂದು ಹೆಣ್ಣುಮಕ್ಕಳಿಗೆ ಹಚ್ಚೆ ಹಾಕುತ್ತಿದ್ದರು. ದೀಪದ ಕಾಡಿಗೆಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಬೆರೆಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚಿ, ಮೇಲೆ ಅರಿಶಿನ ಸವರುತ್ತಿದ್ದರು. ನೋವು ಮರೆಯಲು ಹಾಡು ಹೇಳುತ್ತಿದ್ದರು. ಕೂಲಿಯಾಗಿ ಜೋಳವೋ ಅಕ್ಕಿಯೋ ಹಳೆಯ ಸೀರೆಯೋ ಸಿಗುತ್ತಿತ್ತು. ಮರಾಠಿಯಲ್ಲಿ ಇದನ್ನೇ ಗೋಂದಣ ಎನ್ನುತ್ತಾರೆ, ಹಿಂದಿಯಲ್ಲಿ ಗೋದ್ನಾ. ತಮಿಳಿನ ಪಚ್ಚೈ ಕುತ್ತು, ತೆಲುಗಿನ ಪಚ್ಚಬೊಟ್ಟು ಎಂಬ ಹೆಸರುಗಳಲ್ಲಿ ಹಸಿರು ಬಣ್ಣವೇ ಇದೆ. ಹಾಕುವುದು ಕಪ್ಪು ಮಸಿಯಾದರೂ ಚರ್ಮದ ಕೆಳಗಿನಿಂದ ಅದು ಹಸಿರು ನೀಲಿಯಾಗಿ ಕಾಣುವುದೇ ಇದಕ್ಕೆ ಕಾರಣ.

ಸತ್ತಾಗ ಮೈಮೇಲಿನ ಬಂಗಾರವನ್ನು ಕಳಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಕಳಚಲಾರರು, ಅದೊಂದೇ ಜೊತೆಗೆ ಬರುವ ಒಡವೆ ಎಂಬ ನಂಬಿಕೆ ಹಳ್ಳಿಗಳಲ್ಲಿತ್ತು. ಬಂಗಾರ ಕೊಳ್ಳಲಾರದ ಮನೆಯ ಹೆಣ್ಣುಮಗಳಿಗೆ ಈ ಮಾತು ದೊಡ್ಡ ಸಮಾಧಾನ. ಛತ್ತೀಸಗಢದ ರಾಮನಾಮಿ ಸಮುದಾಯದವರು ಮೈಮೇಲೆಲ್ಲ ರಾಮನ ಹೆಸರನ್ನೇ ಬರೆಸಿಕೊಂಡರು. ಮಧ್ಯಪ್ರದೇಶದ ಬೈಗಾ ಮಹಿಳೆಯರಿಗೆ ಹಚ್ಚೆಯೇ ಕುಲದ ಗುರುತು. ಹೀಗಾಗಿ ಟ್ಯಾಟೂ ಎಂಬುದು ಬರೀ ವಿದೇಶಿ ಹುಚ್ಚು ಎನ್ನುವ ಮಾತು ಪೂರ್ತಿ ನಿಜವಲ್ಲ. ವಿದೇಶದಿಂದ ಬಂದದ್ದು ಯಂತ್ರ ಮಾತ್ರ. ಥಾಮಸ್ ಎಡಿಸನ್ ಕಾಗದದ ಮೇಲೆ ತೂತು ಕೊರೆಯಲು ರೂಪಿಸಿದ್ದ ವಿದ್ಯುತ್ ಲೇಖನಿಯ ತತ್ವವನ್ನೇ ಬಳಸಿ, ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದರು.

ಸೆರಗಿನಡಿಯ ನಾಚಿಕೆ

ಊರಿನಲ್ಲಿ ಒಡವೆಯಾಗಿದ್ದ ಹಚ್ಚೆ ಮಹಾನಗರಕ್ಕೆ ಬಂದಾಗ ನಾಚಿಕೆಯ ವಸ್ತುವಾಯಿತು. ಡೊಂಬಿವಲಿಯ ಎಪ್ಪತ್ತು ದಾಟಿದ ಹಿರಿಯರೊಬ್ಬರದು ಇಂಥದೇ ಕತೆ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಹಣೆಗೊಂದು, ಗಲ್ಲಕ್ಕೆ ಮೂರು ಚುಕ್ಕಿ ಇಟ್ಟು, ಮುಂಗೈ ಮೇಲೆ ತುಳಸಿಕಟ್ಟೆ ಬಿಡಿಸಿದ್ದರು. ಮದುವೆಯಾಗಿ ಮುಂಬಯಿಗೆ ಬಂದಾಗ ಚಾಳಿನ ನೆರೆಯವರು ಅವರ ಹೆಸರು ಕೇಳುವ ಮೊದಲೇ ಗಲ್ಲ ನೋಡಿ ನಕ್ಕಿದ್ದರಂತೆ. ಹಣೆಯ ಚುಕ್ಕಿಯನ್ನು ಅಗಲ ಕುಂಕುಮ ಮುಚ್ಚಿತು. ಮುಂಗೈಯನ್ನು ಸೆರಗು ಮುಚ್ಚಿತು. ಗಲ್ಲವನ್ನು ಮುಚ್ಚಲು ಏನೂ ಇರಲಿಲ್ಲ. ಮಗ ಆರನೆಯ ತರಗತಿಯಲ್ಲಿದ್ದಾಗ ಪಾಲಕರ ಸಭೆಗೆ ಅಪ್ಪನೇ ಬರಲಿ, ನೀನು ಬೇಡ ಎಂದಿದ್ದ. ಅವರು ಹೋಗಲಿಲ್ಲ. ಆಮೇಲೆ ಎಂದೂ ಹೋಗಲಿಲ್ಲ.

ಈಗ ಅದೇ ಮಗನಿಗೆ ಐವತ್ತರ ಮೇಲಾಯಿತು. ಅವರ ಮಗಳು ಮೊದಲ ಸಂಬಳದಲ್ಲಿ ಮುಂಗೈ ಮೇಲೆ ಬಳ್ಳಿಯೊಂದನ್ನು ಹಚ್ಚೆ ಹಾಕಿಸಿಕೊಂಡು ಬಂದಳು. ಅಪ್ಪ ಮೂರು ವಾರ ಮಾತು ಬಿಟ್ಟರು. ಸಂಬಂಧಿಕರ ಮದುವೆಗೆ ಹೊರಟಾಗ, ಉದ್ದ ತೋಳಿನ ಕುಪ್ಪಸ ಹಾಕಿಕೊಂಡರೆ ಮಾತ್ರ ಬಾ ಎಂದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ, ನಿನ್ನ ಸಲುವಾಗಿ ನಾನು ನಲವತ್ತು ವರ್ಷ ಕೈ ಮುಚ್ಚಿಕೊಂಡೆ, ಅವಳ ಕೈಲಿ ಅದನ್ನು ಮಾಡಿಸಬೇಡ ಎಂದರು. ಹುಡುಗಿ ತನಗೆ ಬೇಕಾದ ಕುಪ್ಪಸವನ್ನೇ ಹಾಕಿಕೊಂಡು ಹೋದಳು. ಅಜ್ಜಿಯೂ ಅಂದು ಮುಂಗೈ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ ಎಂದು ಮನೆಯವರು ನೆನೆಯುತ್ತಾರೆ.

ಹಚ್ಚೆಯನ್ನು ಕಳಂಕದ ಗುರುತಾಗಿಸಿದ ಚಿತ್ರವೊಂದನ್ನು ಮುಂಬಯಿ ಮರೆತಿಲ್ಲ. 1975ರ 'ದೀವಾರ್' ಸಿನಿಮಾದಲ್ಲಿ ಬಾಲಕ ವಿಜಯನನ್ನು ಹಿಡಿದು, ಅವನ ತಂದೆ ಕಳ್ಳನೆಂದು ಹೇಳುವ ಅಕ್ಷರಗಳನ್ನು ತೋಳಿನ ಮೇಲೆ ಬಲವಂತವಾಗಿ ಬರೆಯುತ್ತಾರೆ. ದೊಡ್ಡವನಾಗಿ ಸಿರಿವಂತನಾದರೂ ಆ ಬರಹ ಅವನನ್ನು ಬಿಡುವುದಿಲ್ಲ. ತಾನೇ ಬಯಸಿದ ಹಚ್ಚೆಗೂ ಇತರರು ಹೇರಿದ ಹಚ್ಚೆಗೂ ಇರುವ ಅಂತರವನ್ನು ಈ ಕತೆ ಚೆನ್ನಾಗಿ ತೋರಿಸುತ್ತದೆ.

ನೋಡುವವರ ಕಣ್ಣು

ಹಚ್ಚೆ ಹಾಕಿಸಿಕೊಂಡವರಿಗೆ ಸೂಜಿಗಿಂತ ಹೆಚ್ಚು ಚುಚ್ಚುವುದು ಜನರ ಮಾತು. ಲೋಕಲ್ ರೈಲಿನ ಮಹಿಳಾ ಬೋಗಿಯಲ್ಲಿ ಅಪರಿಚಿತರು ಕೈ ಹಿಡಿದು ತಿರುಗಿಸಿ ನೋಡುತ್ತಾರೆ. ಇದೆಷ್ಟಾಯಿತು, ನೋವಾಯಿತೇ, ಮನೆಯಲ್ಲಿ ಬೈಯಲಿಲ್ಲವೇ ಎಂಬ ಪ್ರಶ್ನೆಗಳು ಹೆಸರು ಕೇಳುವ ಮೊದಲೇ ಬರುತ್ತವೆ. ವಧೂವರರ ಸಮಾವೇಶಗಳಲ್ಲಂತೂ ಹೇಳುವುದೇ ಬೇಡ. ಅಲ್ಲಿಯೂ ಹುಡುಗನ ತೋಳಿನ ಮೇಲಿನ ಶಿವನ ಚಿತ್ರ ಭಕ್ತಿಯಾಗುತ್ತದೆ, ಹುಡುಗಿಯ ಭುಜದ ಮೇಲಿನ ಹೂವು ನಡತೆಯ ಪ್ರಶ್ನೆಯಾಗುತ್ತದೆ.

ನವಿ ಮುಂಬಯಿಯ ಯುವತಿಯೊಬ್ಬಳ ತಂದೆ 2021ರ ಕೋವಿಡ್ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಆಸ್ಪತ್ರೆಯ ಒಳಗೆ ಹೋಗಿ ಕೊನೆಯ ಬಾರಿ ಮುಖ ನೋಡಲೂ ಆಗಲಿಲ್ಲ. ಹಳೆಯ ಚೆಕ್ ಪುಸ್ತಕವೊಂದರಲ್ಲಿ, ಬರೆದು ರದ್ದು ಮಾಡಿದ್ದ ಚೆಕ್ಕಿನ ಮೇಲೆ ಅಪ್ಪನ ಕನ್ನಡ ಸಹಿ ಸಿಕ್ಕಿತು. ಅದನ್ನೇ ಆಕೆ ಎಡ ಮಣಿಕಟ್ಟಿನ ಮೇಲೆ ಹಾಕಿಸಿಕೊಂಡಳು. ತಾಯಿ ಮೊದಲು ಅತ್ತು ರಂಪ ಮಾಡಿದರು. ಈಗ ಅವರೇ ಕೆಲವೊಮ್ಮೆ ಆ ಮಣಿಕಟ್ಟನ್ನು ಹಿಡಿದುಕೊಂಡು ಕೂರುತ್ತಾರೆ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬರು, ಇದನ್ನು ಮದುವೆಗೆ ಮುಂಚೆ ತೆಗೆಸಬಹುದಲ್ಲ ಎಂದು ಕೇಳಿದರು. ಯಾರ ಸಹಿ ಎಂದು ಕೇಳಲಿಲ್ಲ. ಆ ಸಂಬಂಧ ಮುಂದುವರಿಯಲಿಲ್ಲ. ತಪ್ಪಿಹೋದದ್ದಕ್ಕೆ ತಾಯಿಯೂ ಮಗಳೂ ಕೊರಗಲಿಲ್ಲ.

ಎಲ್ಲ ಹಚ್ಚೆಗಳ ಹಿಂದೆಯೂ ಇಂಥ ಆಳವಾದ ಕಾರಣ ಇರುತ್ತದೆಂದಲ್ಲ. ಗೆಳೆಯರ ಗುಂಪಿನ ಜೊತೆ ಹೋಗಿ, ಆ ಹೊತ್ತಿನ ಪ್ರೀತಿಯ ಹೆಸರನ್ನು ಕೈ ಮೇಲೆ ಬರೆಸಿಕೊಂಡು, ಎರಡು ವರ್ಷಗಳ ನಂತರ ಬೇರೆ ಹೆಸರಿನವಳೊಡನೆ ನಿಶ್ಚಿತಾರ್ಥವಾದವರೂ ನಮ್ಮ ನಡುವೆ ಇದ್ದಾರೆ.

ಗೊತ್ತಿರಬೇಕಾದ ಸಂಗತಿಗಳು

ಹಚ್ಚೆಯ ಮಸಿ ಚರ್ಮದ ಮೇಲ್ಪದರದ ಕೆಳಗಿನ ಒಳಪದರದಲ್ಲಿ ಕೂರುತ್ತದೆ. ದೇಹದ ರಕ್ಷಕ ಕಣಗಳು ಅದನ್ನು ನುಂಗಿ ಅಲ್ಲೇ ಉಳಿಯುತ್ತವೆ. ಅವು ಸತ್ತರೆ ಹೊಸ ಕಣಗಳು ಅದೇ ಮಸಿಯನ್ನು ಮತ್ತೆ ಹಿಡಿದಿಟ್ಟುಕೊಳ್ಳುತ್ತವೆ ಎಂಬುದನ್ನು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಅಜ್ಜಿಯ ಹಚ್ಚೆ ಅರುವತ್ತು ವರ್ಷ ಕಳೆದರೂ ಅಳಿಯದಿರುವ ಗುಟ್ಟು ಇದೇ. ತೆಗೆಸಲು ಲೇಸರ್ ಚಿಕಿತ್ಸೆ ಇದೆ. ಆದರೆ ಅದು ಒಂದೇ ದಿನದ ಕೆಲಸವಲ್ಲ. ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು. ಕಪ್ಪು ಬಣ್ಣ ಸುಲಭವಾಗಿ ಕರಗುತ್ತದೆ, ಹಳದಿಯಂಥ ಬಣ್ಣಗಳು ಹಠ ಹಿಡಿಯುತ್ತವೆ. ಹಾಕಿಸುವುದಕ್ಕಿಂತ ತೆಗೆಸುವುದಕ್ಕೆ ಖರ್ಚೂ ನೋವೂ ಹೆಚ್ಚು.

ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕು ತಗಲುವ ಅಪಾಯವಿದೆ. ಜಾತ್ರೆಯ ಬೀದಿಬದಿಯಲ್ಲಿ ಒಂದೇ ಸೂಜಿ, ಒಂದೇ ಮಸಿ ಬಟ್ಟಲಿನಿಂದ ಹತ್ತಾರು ಜನರಿಗೆ ಹಾಕುವ ಕಡೆ ಕೈ ಚಾಚಬಾರದು. ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಬಿಡಿಸಲು ಹೇಳುವುದಕ್ಕೆ ಸಂಕೋಚ ಬೇಡ.

ನಮ್ಮ ಸಂಘಗಳಿಗೆ ನೇರವಾಗಿ ಸಂಬಂಧಿಸಿದ ಸಂಗತಿ ರಕ್ತದಾನದ್ದು. 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತ ಕೊಡುವಂತಿಲ್ಲ. ಆ ಬಳಿಕ ಉಳಿದ ಆರೋಗ್ಯ ಸರಿಯಿದ್ದರೆ ಕೊಡಬಹುದು. ಇದು ತಿಳಿಯದೆ ರಾಜ್ಯೋತ್ಸವದ ಶಿಬಿರಕ್ಕೆ ಉತ್ಸಾಹದಿಂದ ಬಂದ ಯುವಕರು ಎಲ್ಲರೆದುರು ಹಿಂದಿರುಗಿ ಮುಜುಗರಪಡುತ್ತಾರೆ. ಹಚ್ಚೆ ಇದ್ದವರು ಎಂದೂ ರಕ್ತ ಕೊಡಬಾರದು ಎಂಬ ತಪ್ಪು ತಿಳಿವಳಿಕೆಯೂ ಕೆಲವರಲ್ಲಿದೆ. ಶಿಬಿರದ ಕರಪತ್ರದಲ್ಲಿಯೇ ಒಂದು ಸಾಲು ಸೇರಿಸಿದರೆ ಎರಡೂ ತಪ್ಪುತ್ತದೆ.

ಸಮವಸ್ತ್ರದ ಕನಸಿರುವ ಮಕ್ಕಳೂ ಯೋಚಿಸಬೇಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಹಚ್ಚೆ ಎಲ್ಲಿ, ಎಷ್ಟು ದೊಡ್ಡದು, ಏನಿದೆ ಎಂಬುದನ್ನು ನೋಡುತ್ತಾರೆ. ಸೆಲ್ಯೂಟ್ ಮಾಡುವ ಬಲಗೈಯನ್ನು ಬಿಟ್ಟು ಎಡ ಮುಂಗೈಯ ಒಳಭಾಗ, ಅಂಗೈಯ ಹಿಂಭಾಗದಂಥ ಸಾಂಪ್ರದಾಯಿಕ ಜಾಗಗಳಿಗಷ್ಟೇ ಅವಕಾಶ. ಗಾತ್ರ ಆ ಅಂಗದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಅರ್ಜಿ ಹಾಕುವ ಮೊದಲಲ್ಲ, ಹಚ್ಚೆ ಹಾಕಿಸುವ ಮೊದಲೇ ಪ್ರಕಟಣೆಯನ್ನು ಓದುವುದು ಜಾಣತನ.

ಹಿರಿಯರು ಕಿರಿಯರ ಕೈ ನೋಡಿ ಬೈಯುವ ಮೊದಲು ಇದು ಏನು, ಯಾಕೆ ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕಿರಿಯರೂ ಮನೆಯ ಹಿರಿಯರ ಮುಂಗೈ ಮೇಲಿನ ಚಿತ್ರ ಯಾವುದು, ಹಾಕಿದವರು ಯಾರು, ಅಂದು ಯಾವ ಹಾಡು ಹೇಳಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಕೈಗಳು ಇನ್ನು ಹೆಚ್ಚು ಕಾಲ ನಮ್ಮ ನಡುವೆ ಇರುವುದಿಲ್ಲ. ಸಂಘಗಳು ಮುಂದಿನ ಅರಿಶಿನ ಕುಂಕುಮಕ್ಕೆ ಹಚ್ಚೆಯ ಹಾಡು ಬಲ್ಲ ಹಿರಿಯರನ್ನು ವೇದಿಕೆಗೆ ಕರೆದು ಹತ್ತು ನಿಮಿಷ ಕೊಟ್ಟರೂ ಅದು ಒಳ್ಳೆಯ ಕಾರ್ಯಕ್ರಮವಾದೀತು.