ಕಪ್ ಬೇಕು, ಬಡ್ತಿ ಬೇಡ

ದಕ್ಷಿಣ ಕೊರಿಯಾದ ಅರೆವೃತ್ತಿಪರ ಫುಟ್‌ಬಾಲ್ ಲೀಗ್ ಗೆದ್ದ ತಂಡವೊಂದು ಮೇಲಿನ ಲೀಗ್‌ಗೆ ಹೋಗಲು ಒಪ್ಪಲಿಲ್ಲವಂತೆ. ಯಾಕೆ?

ಒಂದಲ್ಲ, ಎರಡು ತಂಡಗಳು, ಅದೂ ಬೆನ್ನುಬೆನ್ನಿಗೆ!

2003ರಲ್ಲಿ ಶುರುವಾದ ಈ ಅರೆವೃತ್ತಿಪರ ನ್ಯಾಷನಲ್ ಲೀಗ್‌ನಲ್ಲಿ ಆಡುತ್ತಿದ್ದವು ಹೆಚ್ಚಾಗಿ ನಗರಾಡಳಿತಗಳ, ಕಂಪನಿಗಳ ತಂಡಗಳು. ಖರ್ಚೆಲ್ಲ ಮಾಲೀಕರದು, ಟಿಕೆಟ್ ಮಾರಿ ಬದುಕುವ ಚಿಂತೆಯಿಲ್ಲ. 2006ರ ಋತುವಿನ ಚಾಂಪಿಯನ್ನರಿಗೆ ವೃತ್ತಿಪರ ಕೆ ಲೀಗ್‌ಗೆ ಬಡ್ತಿ ಎಂದು ನಿಗದಿಯಾಗಿತ್ತು. ಗೆದ್ದದ್ದು ಗೋಯಾಂಗ್‌ನ ಕೂಕ್ಮಿನ್ ಬ್ಯಾಂಕ್ ತಂಡ. ವೃತ್ತಿಪರ ಕ್ಲಬ್ ಎಂದರೆ ಲಾಭದ ವ್ಯವಹಾರ, ಬ್ಯಾಂಕು ಅಂಥದ್ದನ್ನು ನಡೆಸಲು ಕಾನೂನು ಬಿಡದು ಎಂದು ಬ್ಯಾಂಕು ಹಿಂದೆ ಸರಿಯಿತು.

ಸಂಬಳಕ್ಕಿಂತ ಖರ್ಚೇ ಹೆಚ್ಚಿಸುವ ದೂರದೂರಿನ ವರ್ಗಾವಣೆ ಜೊತೆಗಿದ್ದರೆ, ಗುಮಾಸ್ತರು ಬಡ್ತಿಯನ್ನೇ ಬೇಡವೆನ್ನುವುದಿಲ್ಲವೇ? ಹಾಗೆಯೇ ಇದು.

2007ರಲ್ಲಿ ಗೆದ್ದ ಉಲ್ಸಾನ್‌ನ ಹ್ಯುಂಡೈ ಮಿಪೊ ಹಡಗುಕಟ್ಟೆಯ ತಂಡವೂ ಒಲ್ಲೆ ಎಂದಿತು. ಅದರ ಮಾತೃಸಂಸ್ಥೆಯದೇ ಇನ್ನೊಂದು ತಂಡ ಅದೇ ಊರಿನಿಂದ ಆಗಲೇ ಕೆ ಲೀಗ್‌ನಲ್ಲಿತ್ತು. ಒಂದೇ ಮನೆಯವರು ಎರಡು ವೃತ್ತಿಪರ ತಂಡ ಸಾಕುವುದೇಕೆ?

ಕೊನೆಗೆ 2013ರಲ್ಲಿ ಕೆ ಲೀಗ್ ತನ್ನದೇ ಎರಡನೇ ದರ್ಜೆ ಆರಂಭಿಸಿತು. ನ್ಯಾಷನಲ್ ಲೀಗ್ 2019ಕ್ಕೆ ಮುಗಿದು, ಅದರ ತಂಡಗಳು ಮರುವರ್ಷ ಹೊಸ ರೂಪದ ಕೆ3 ಲೀಗ್ ಸೇರಿದವು.