ಕಲ್ಲಿದ್ದಲ ಗಣಿಯೂ ನೆಲದೊಳಗಿನ ನೀರೂ

ಭೂಮಿಯ ಅಡಿಯಲ್ಲಿ ನೀರು ದೊಡ್ಡ ಕೆರೆಯಂತೆ ನಿಂತಿರುವದೆಂದು ಅನೇಕರು ಭಾವಿಸುವದುಂಟು. ನಿಜವಾಗಿ ಅದು ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಅಡಗಿರುವದು. ಕಲ್ಲಿದ್ದಲನ್ನು ತೆಗೆದ ಬಳಿಕ ಮೇಲ್ಗಡೆಯ ಬಂಡೆ ಕುಸಿದು ಬಿರಿದರೆ ಆ ನೀರಿಗೆ ದಾರಿಯಾಗುವದು.

ಹಳೆಯ ಗಣಿಗಳಲ್ಲಿ ನಿಂತ ನೀರು ಇದಕ್ಕಿಂತಲೂ ಭಯಂಕರವಾದದ್ದು. 100 ಮೀಟರು ಎತ್ತರದ ನೀರು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋಗ್ರಾಮಿನ ಭಾರವನ್ನು ಹಾಕುವದು. 1975ನೆಯ ಇಸವಿ ದಶಂಬರ 27ರಂದು ಧನಬಾದಿನ ಸಮೀಪದ ಚಾಸನಾಲಾ ಗಣಿಯಲ್ಲಿ ಇಂಥ ನೀರನ್ನು ತಡೆದಿದ್ದ ಅಡ್ಡಪದರವು ಒಡೆದು, 370ಕ್ಕೆ ಮಿಕ್ಕ ಕೆಲಸಗಾರರು ಮಡಿದರು.

ಆದದರಿಂದ ಅಗೆಯುವದಕ್ಕೆ ಮೊದಲು ಭೂಶಾಸ್ತ್ರಜ್ಞರು ನೆಲವನ್ನು ಕೊರೆದು, ಬಂಡೆಯ ಉದ್ದನೆಯ ತುಂಡುಗಳನ್ನು ಹೊರತೆಗೆದು, ಪದರಗಳ ದಪ್ಪವನ್ನೂ ಗಟ್ಟಿತನವನ್ನೂ ಬಿರುಕುಗಳನ್ನೂ ಪರೀಕ್ಷಿಸುವರು. ಕೊರೆದ ಬಾವಿಗಳಲ್ಲಿ ಮಳೆಗಾಲ ಬೇಸಗೆಗಳೆರಡರಲ್ಲಿಯೂ ನೀರಿನ ಮಟ್ಟವನ್ನು ಅಳೆಯುವರು. ಒಂದು ಬಾವಿಯಿಂದ ನೀರೆತ್ತಿ, ನೆರೆಯ ಬಾವಿಗಳಲ್ಲಿ ಮಟ್ಟವು ಎಷ್ಟು ಇಳಿಯುವದೆಂದು ನೋಡಿ, ಬಂಡೆಯು ನೀರನ್ನು ಎಷ್ಟು ಸುಲಭವಾಗಿ ಹರಿಯಗೊಡುವದೆಂದು ಲೆಕ್ಕಿಸುವರು. ಸುತ್ತಲಿನ ಹಳ್ಳಿಗಳ ಬಾವಿಗಳು ಬತ್ತುವವೋ ಎಂಬದೂ ಇದರಿಂದಲೇ ತಿಳಿಯುವದು.

ಹಳೆಯ ನಕ್ಷೆಯನ್ನು ಮಾತ್ರ ನಂಬಲಾಗದು. 2002ರ ಜುಲೈ 24ರಂದು ಅಮೇರಿಕದ ಕ್ಯೂಕ್ರೀಕ್ ಗಣಿಯಲ್ಲಿ, ನಕ್ಷೆಯು ದೂರವೆಂದು ತೋರಿಸಿದ್ದ ಹಳೆಯ ಗಣಿಯ ನೀರು ನುಗ್ಗಿ 9 ಮಂದಿ ಸಿಕ್ಕಿಬಿದ್ದರು. ಮೂರು ದಿನಗಳ ಮೇಲೆ ಎಲ್ಲರೂ ಜೀವಸಹಿತ ಹೊರಬಂದರು. ಆದಕಾರಣ ಗಣಿಯ ಮುಖದ ಮುಂದೆ ಕೊರೆದು ನೋಡುತ್ತಲೇ ಮುಂದರಿಯಬೇಕು.

2019ರಿಂದ ಸ್ತ್ರೀಯರೂ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗಾಗಿ ನಮ್ಮ ದೇಶದ ಗಣಿಗಳೊಳಗೆ ಇಳಿಯಬಹುದಾಗಿದೆ. ಹೀಗಿರಲಾಗಿ, ತಂದೆತಾಯಿಗಳೇ, ಬಹುಜನರ ಪ್ರಾಣವನ್ನು ಕಾಯುವ ಈ ಶಾಸ್ತ್ರವು ನಮ್ಮ ಹೆಣ್ಣುಮಕ್ಕಳಿಗೂ ಕಲಿಯತಕ್ಕದ್ದೇ ಆಗಿದೆ.