ಅವರ 86 ಮೀಟರ್, ನಮ್ಮ ಎರಡು ಸೆಕೆಂಡ್

2025ರ ಜುಲೈ 5, ಶನಿವಾರ ಸಂಜೆ. ಬೀದರ್‌ನ ನಮ್ಮ ಬಾಡಿಗೆ ರೂಮಿನಲ್ಲಿ ನಾಲ್ವರು ಗೆಳೆಯರು ಒಂದೇ ಮೊಬೈಲ್ ಮುಂದೆ ಕುಳಿತಿದ್ದೆವು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ನಡೆಯುತ್ತಿತ್ತು. ಟೋಕಿಯೊದಲ್ಲಿ ಚಿನ್ನ ಗೆದ್ದವರು ನಮ್ಮದೇ ರಾಜ್ಯದಲ್ಲಿ, ತಮ್ಮದೇ ಹೆಸರಿನ ಕೂಟದಲ್ಲಿ ಎಸೆಯಲು ನಿಂತಿದ್ದರು. ಮೊದಲ ಎಸೆತವೇ ಫೌಲ್! ‘ಇಷ್ಟ್ ಮಂದಿ ಮುಂದ ಹಿಂಗಾಯ್ತಲ್ಲೋ’ ಎಂದು ಗೆಳೆಯ ಹಣೆ ಚಚ್ಚಿಕೊಂಡ. ಎರಡನೆಯದು 82.99 ಮೀಟರ್. ಮೂರನೆಯದು 86.18. ಚಿನ್ನ ತಂದದ್ದು ಅದೇ ಎಸೆತ.

ಆ ರಾತ್ರಿಯೇ ನಿರ್ಧಾರವಾಯಿತು. ನಾಳೆಯಿಂದ ಬೆಳಿಗ್ಗೆ 5ಕ್ಕೆ ನೆಹರೂ ಕ್ರೀಡಾಂಗಣದಲ್ಲಿ ಓಟ. ಮೊದಲ ದಿನ ನಾಲ್ವರೂ ಹೋದೆವು. ಮೂರನೇ ದಿನ ಇಬ್ಬರಾದೆವು. ವಾರ ತುಂಬುವಷ್ಟರಲ್ಲಿ ಮಳೆ, ಇಂಟರ್ನಲ್ಸ್, ಅಸೈನ್‌ಮೆಂಟ್ ಎಂದು ಒಂದೊಂದೇ ನೆಪ ಸಿಕ್ಕವು. ಹೊಸ ಶೂ ಮಂಚದ ಕೆಳಗೆ ಸೇರಿತು.

ಪಂಚಮಿ ಹಬ್ಬಕ್ಕೆ ಔರಾದ್‌ನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದಾಗ ಅಣ್ಣ ಹಾಸಿಗೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಶಾಲೆಯ ಮೈದಾನದಲ್ಲಿ ಒಬ್ಬನೇ ಓಡುತ್ತಿದ್ದ. ಬಿ.ಎ. ಮುಗಿಸಿರುವ ಅವನು ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಿ ನಡೆಸುತ್ತಿದ್ದಾನೆ. ಅಲ್ಲಿ ಪುರುಷ ಅಭ್ಯರ್ಥಿಗಳು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. ಹಿಂದಿನ ಬಾರಿ ಲಿಖಿತ ಪರೀಕ್ಷೆ ಪಾಸಾಗಿ, ಓಟದಲ್ಲಿ 40 ಸೆಕೆಂಡ್ ತಡವಾಗಿ ಮನೆಗೆ ಬಂದಿದ್ದ. ವಯೋಮಿತಿ ಮುಗಿಯುವ ಮುನ್ನ ಅವನಿಗಿರುವುದು ಇನ್ನೊಂದೇ ಅವಕಾಶ.

ಆ ಮೈದಾನದಲ್ಲಿ ಟ್ರ್ಯಾಕ್ ಇಲ್ಲ. ಟೇಪ್ ಹಿಡಿದು ಅಳೆದು, ಮೂಲೆಗೊಂದು ಕಲ್ಲಿಟ್ಟು 200 ಮೀಟರ್ ಸುತ್ತು ಮಾಡಿಕೊಂಡಿದ್ದಾನೆ. 5 ಕಿಲೋಮೀಟರ್ ಎಂದರೆ 25 ಸುತ್ತು. ಅವನ ಬಳಿ ಒಂದು ನೋಟ್‌ಬುಕ್ ಇದೆ. ದಿನಾಂಕ, ಸುತ್ತು, ಸಮಯ, ಇಷ್ಟೇ ಅದರಲ್ಲಿರುವುದು. ‘ಒಂದ್ ಸುತ್ತಿನಾಗ ಎರಡ್ ಸೆಕೆಂಡ್ ಉಳಿಸಿದ್ರ 25 ಸುತ್ತಿಗಿ 50 ಸೆಕೆಂಡ್ ಆಯ್ತು. ನನಗ ಬೇಕಾಗಿದ್ದು 40’ ಎಂದ. ಇಂಜಿನಿಯರಿಂಗ್ ಓದುವ ನನಗೆ ಹೊಳೆಯದ ಲೆಕ್ಕವಿದು!

ಅವನೂ ಆ ಸಂಜೆ ನೀರಜ್ ಎಸೆತ ನೋಡಿದ್ದನಂತೆ. ‘ನಾ ನೀರಜ್ ಆಗ್ಲಕ್ ಓಡ್ಲಕತ್ತಿಲ್ಲಪ್ಪ. ಮೊದಲ್ನೇದು ಫೌಲ್ ಆದ್ರೂ ಅವ ಮತ್ ಬಂದು ನಿಂತ್ನಲ್ಲ, ಅದ್ ನೋಡ್ದೆ. ನಂದೂ ಹೋದ್ಸಲ ಫೌಲೇ ಅಲ್ಲ?’

ಆ ಮಾತು ನನ್ನನ್ನು ತಟ್ಟಿತು. ಒಂದೇ ಆಟ ನೋಡಿ ನಾವು ಚಪ್ಪಾಳೆ ಹೊಡೆದೆವು, ಅವನು ಪಾಠ ಕಲಿತ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿಯೂ ನೀರಜ್ ಅವರ ಆರು ಎಸೆತಗಳಲ್ಲಿ ಐದು ಫೌಲ್ ಆಗಿದ್ದವು. ಸರಿಯಾದ ಒಂದೇ ಎಸೆತ, 89.45 ಮೀಟರ್, ಬೆಳ್ಳಿ ತಂದಿತು. ಅವರ ಆರಂಭವೂ ಹಾಗೆಯೇ. ಹರಿಯಾಣದ ಖಂಡ್ರಾ ಗ್ರಾಮದ ಆ ಹುಡುಗ ಮೈ ಇಳಿಸಿಕೊಳ್ಳಲು ವ್ಯಾಯಾಮಕ್ಕೆ ಸೇರಿದವನು. ಪಾನಿಪತ್‌ನ ಶಿವಾಜಿ ಕ್ರೀಡಾಂಗಣದಲ್ಲಿ ಹಿರಿಯ ಆಟಗಾರ ಜೈವೀರ್ ಚೌಧರಿ ಎಸೆಯುವುದನ್ನು ನೋಡಿ ಜಾವೆಲಿನ್ ಹಿಡಿದ. ಅಂದರೆ ಸ್ಫೂರ್ತಿ ಟಿ.ವಿ.ಯಿಂದಲೇ ಬರಬೇಕೆಂದಿಲ್ಲ. ಪಕ್ಕದ ಮೈದಾನದಲ್ಲಿ ಬೆವರು ಹರಿಸುತ್ತಿರುವ ಅಣ್ಣನಿಂದಲೂ ಬರಬಹುದು.

ಭಾಲ್ಕಿಯ ನಮ್ಮ ಮನೆಯಲ್ಲಿಯೇ ಇನ್ನೊಂದು ಉದಾಹರಣೆ ಇತ್ತು, ನಾನೇ ಗಮನಿಸಿರಲಿಲ್ಲ. ಪ್ರೌಢಶಾಲೆಯಲ್ಲಿ ಓದುವ ತಂಗಿ 2025ರ ಜನವರಿ 19ರಂದು ಮೊದಲ ಖೋ ಖೋ ವಿಶ್ವಕಪ್ ಫೈನಲ್ ನೋಡಿದ್ದಳು. ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದ ಆ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಆಡಿದ್ದರು. ‘ನಮ್ಮಂಗೇ ಹಳ್ಳಿ ಹುಡುಗಿ ಅವ್ವಾ’ ಎಂದು ಅಡುಗೆಮನೆಗೆ ಓಡಿ ಹೇಳಿದ್ದಳಂತೆ. ‘ನಾನೂ ವಿಶ್ವಕಪ್ ಆಡ್ತೀನಿ’ ಎಂದು ಅವಳು ಹೇಳಲಿಲ್ಲ. ಒಂದು ನಿಮಿಷ ಔಟಾಗದೆ ಉಳಿಯಬೇಕು ಎಂಬುದು ಅವಳ ಮೊದಲ ಗುರಿ. ಈಗ ಅದು ಒಂದೂವರೆ ನಿಮಿಷಕ್ಕೆ ಏರಿದೆ.

ಬೀದರ್‌ಗೆ ಮರಳಿದ ಮೇಲೆ ಮಂಚದ ಕೆಳಗಿನ ಶೂ ಹೊರಬಂತು. ಈ ಸಲ ಯಾರಿಗೂ ಘೋಷಣೆ ಮಾಡಲಿಲ್ಲ. ನಿಲ್ಲದೆ ಮೂರು ಸುತ್ತು ಓಡಿದ್ದೇ ನನ್ನ ಮೊದಲ ದಾಖಲೆ. ನೋಟ್‌ಬುಕ್‌ನಲ್ಲಿ ಅದನ್ನೇ ಬರೆದೆ. ಬರೆಯುವಾಗ ನಾಚಿಕೆಯಾಯಿತು, ನಿಜ. ಈಗ ಎಂಟಕ್ಕೆ ಬಂದಿದ್ದೇನೆ. ಸೆಮಿಸ್ಟರ್ ಪರೀಕ್ಷೆಗೆ ಮುನ್ನ ಹತ್ತು ಆಗಬೇಕು. ನಡುವೆ ಎರಡು ದಿನ ತಪ್ಪಿಸಿಕೊಂಡೆ. ಆ ತಾರೀಕುಗಳ ಮುಂದೆ ‘ಫೌಲ್’ ಎಂದು ಬರೆದು, ಮಾರನೇ ದಿನ ಮತ್ತೆ ಹೋದೆ.

ಸ್ನೇಹಿತರೇ, ಮುಂದಿನ ಸಲ ದೊಡ್ಡ ಆಟಗಾರರ ಆಟ ನೋಡುವಾಗ ಸ್ಟೇಟಸ್ ಹಾಕುವ ಮುನ್ನ ಒಂದು ಕೆಲಸ ಮಾಡಿ. ನಾಳೆ ಮೈದಾನಕ್ಕೆ ಹೋಗಿ, ಇಂದಿನ ನಿಮ್ಮ ಶಕ್ತಿ ಎಷ್ಟು ಎಂದು ಅಳೆದು ಬರೆದಿಡಿ. ಮುಂದಿನ ವಾರ ಅದಕ್ಕಿಂತ ಸ್ವಲ್ಪ ಹೆಚ್ಚಿಗೆ ಗುರಿ ಇಡಿ. 86 ಮೀಟರ್ ಎಲ್ಲರಿಗೂ ಸಿಗುವುದಿಲ್ಲ. ಎರಡು ಸೆಕೆಂಡ್ ಮಾತ್ರ ಪ್ರತಿಯೊಬ್ಬರ ಕೈಯಲ್ಲಿದೆ.

ನಿನ್ನೆ ರಾತ್ರಿ ಅಣ್ಣನ ಮೆಸೇಜ್ ಬಂತು. ಒಂದೇ ಸಾಲು: ‘24 ನಿಮಿಷ 8 ಸೆಕೆಂಡ್.’ ಇನ್ನು ಉಳಿದಿರುವುದು ಎಂಟು.